ಪೇಟೆಂಟ್ ಏಕೆ ಕೊಟ್ಟಿರಿ ಎಂಬುದನ್ನೂ ಬರೆದಿಡಿ: ಮಹಾನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪೇಟೆಂಟ್, ವಿನ್ಯಾಸ ಮತ್ತು ಟ್ರೇಡ್‌ಮಾರ್ಕ್‌ಗಳ ಮಹಾನಿಯಂತ್ರಕರು

ಮಾನ್ಯರೇ,

ಪೇಟೆಂಟ್ ಅರ್ಜಿ ತಿರಸ್ಕರಿಸುವಾಗ, ಅದನ್ನು ತೀರ್ಮಾನಿಸುವ ಅಧಿಕಾರಿಗಳಾದ ನಿಮ್ಮ ನಿಯಂತ್ರಕರು ಪುಟಗಟ್ಟಲೆ ಕಾರಣ ಬರೆಯುತ್ತಾರೆ. ಪೇಟೆಂಟ್ ಮಂಜೂರು ಮಾಡುವಾಗ ಸಾಮಾನ್ಯವಾಗಿ ಕಾರಣದ ಒಂದು ಸಾಲೂ ಇರುವುದಿಲ್ಲ. ಇದು ಏಕೆ ಹೀಗೆ ಎಂಬುದು ಗೊತ್ತಿರುವ ಸಂಗತಿಯೇ. ತಿರಸ್ಕಾರದ ಆದೇಶ ಪೇಟೆಂಟ್ ಕಾಯ್ದೆಯ ಕಲಂ 117ಎ ಅಡಿ ಮೇಲ್ಮನವಿಗೆ ಹೋಗುತ್ತದೆ. ಕಾರಣ ಬರೆಯದಿದ್ದರೆ ಹೈಕೋರ್ಟ್ ಅದನ್ನು ವಾಪಸ್ ಕಳಿಸುತ್ತದೆ. ಮಂಜೂರಾತಿಯ ವಿರುದ್ಧ ಹಾಗೆ ನೇರವಾಗಿ ಮೇಲ್ಮನವಿ ಹಾಕುವ ದಾರಿಯಿಲ್ಲ. ಒಂದು ವರ್ಷದೊಳಗೆ ಆಕ್ಷೇಪ ಹಾಕಬೇಕು, ಇಲ್ಲವೇ ಕಲಂ 64ರಡಿ ರದ್ದತಿ ಕೇಳಬೇಕು. ಕೇಳುವವರಿಲ್ಲದ ಕಡೆ ಕಾರಣ ಬರೆಯುವವರೂ ಇಲ್ಲ.

ಆದರೆ ಅದೇ ಪೇಟೆಂಟ್ ಎಂಟು ಹತ್ತು ವರ್ಷಗಳ ನಂತರ ಉಲ್ಲಂಘನೆಯ ದಾವೆಯಾಗಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ಎಲ್ಲಕ್ಕಿಂತ ಮೊದಲು ಏಳುವ ಪ್ರಶ್ನೆ, ಈ ಕ್ಲೇಮಿನ (ಯಾವುದರ ಮೇಲೆ ಹಕ್ಕು ಎಂದು ಪೇಟೆಂಟ್‌ನಲ್ಲಿ ಹೇಳುವ ವಾಕ್ಯದ) ಅರ್ಥವೇನು ಎಂಬುದು. ದತ್ತಾಂಶ ರವಾನೆಯ ತಂತ್ರಜ್ಞಾನದಲ್ಲಂತೂ ಆ ಉತ್ತರ ಬಹುಪಾಲು ಅಡಗಿರುವುದು ನಿಮ್ಮ ಕಡತದಲ್ಲಿಯೇ, ಅಂದರೆ ಅರ್ಜಿಯ ಪರೀಕ್ಷೆಯ ವೇಳೆ ನಡೆದ ಪತ್ರವ್ಯವಹಾರದಲ್ಲಿ. ಕ್ಲೇಮು ಬರೆಯುವ, ಅದನ್ನು ಸ್ಟ್ಯಾಂಡರ್ಡಿನ (ಬ್ಲೂಟೂತ್, 4ಜಿಯಂಥ, ಸಾಧನಗಳೆಲ್ಲ ಪಾಲಿಸುವ ತಾಂತ್ರಿಕ ನಿಯಮಾವಳಿಯ) ಜೊತೆ ಸಾಲಿಗೆ ಸಾಲು ಹೋಲಿಸಿ ಕ್ಲೇಮ್ ಚಾರ್ಟ್ ಮಾಡುವ ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಆ ಕಡತದ ಬಗ್ಗೆ.

ಅಮೆರಿಕದ ಒಂದು ಮೇಲ್ಮನವಿಯಿಂದ ಶುರು ಮಾಡುತ್ತೇವೆ. ನಮ್ಮ ಬೇಡಿಕೆ ಏಕೆ ಅಗತ್ಯ ಎಂದು ಅದರಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಅಪರೂಪ.

ರೆಂಬ್ರಾಂಟ್ ವೈರ್‌ಲೆಸ್ ಮತ್ತು ಸ್ಯಾಮ್‌ಸಂಗ್ ನಡುವಿನ ಆ ವ್ಯಾಜ್ಯ 2013ರಲ್ಲಿ ಟೆಕ್ಸಾಸ್‌ನಲ್ಲಿ ದಾಖಲಾಯಿತು. ಪಣಕ್ಕಿದ್ದ ಪೇಟೆಂಟ್‌ಗಳು ಎರಡು, ಸಂಖ್ಯೆ 8,023,580 ಮತ್ತು 8,457,228. ಎರಡರ ಮೂಲವೂ 1997ರ ಡಿಸೆಂಬರ್‌ನಲ್ಲಿ ಸಲ್ಲಿಸಿದ ಅರ್ಜಿ. ಮೋಡೆಮ್‌ಗಳ ಕಾಲದ ಆವಿಷ್ಕಾರವದು: ಒಂದು ಮಾಸ್ಟರ್ ಸಾಧನ, ಅದು ಮಾತಾಡಿಸಿದಾಗ ಮಾತ್ರ ಉತ್ತರಿಸುವ ಹಲವು ಸ್ಲೇವ್ ಸಾಧನಗಳು. ಎಲ್ಲವೂ ಒಂದೇ ಮಾಡ್ಯುಲೇಶನ್ (ಅಲೆಯ ಮೇಲೆ ಮಾಹಿತಿ ಹೊರಿಸುವ ರೀತಿ) ಬಳಸಬೇಕಾಗಿದ್ದ ಕಡೆ, ಬೇರೆ ಬೇರೆ ಮಾಡ್ಯುಲೇಶನ್‌ನ ಸಾಧನಗಳನ್ನು ಒಂದೇ ಜಾಲದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದು ಸಮಸ್ಯೆ. ಪರಿಹಾರ ಸರಳ. ಸಂದೇಶದ ಮೊದಲ ಭಾಗವನ್ನು ಎಲ್ಲರಿಗೂ ತಿಳಿಯುವ ಮೊದಲ ಮಾಡ್ಯುಲೇಶನ್‌ನಲ್ಲಿ ಕಳಿಸಿ, ಮುಂದಿನ ಪೇಲೋಡ್, ಅಂದರೆ ಸಾಗಿಸಬೇಕಾದ ನಿಜವಾದ ದತ್ತಾಂಶ, ಯಾವ ಮಾಡ್ಯುಲೇಶನ್‌ನಲ್ಲಿ ಬರುತ್ತದೆ ಎಂಬುದನ್ನು ಅಲ್ಲೇ ಹೇಳಿಬಿಡುವುದು. ಕ್ಲೇಮಿನಲ್ಲಿದ್ದ ಷರತ್ತು: ಎರಡನೆಯ ಮಾಡ್ಯುಲೇಶನ್ ವಿಧಾನ ಮೊದಲನೆಯದಕ್ಕಿಂತ ‘ಬೇರೆ ಬಗೆಯದು’ ಆಗಿರಬೇಕು.

ಉಲ್ಲಂಘನೆಯ ಆರೋಪ ಬಿದ್ದದ್ದು ಬ್ಲೂಟೂತ್ ಮೇಲೆ. 2004ರ ಬ್ಲೂಟೂತ್ 2.0 ಜೊತೆ ಬಂದ ಹೆಚ್ಚಿನ ವೇಗದ ಪ್ಯಾಕೆಟ್ ಒಂದನ್ನು ಬಿಡಿಸಿ ನೋಡಿದರೆ ಆರೋಪ ಅರ್ಥವಾಗುತ್ತದೆ. ಮೊದಲು 72 ಬಿಟ್‌ಗಳ ಆಕ್ಸೆಸ್ ಕೋಡ್. ನಂತರ 54 ಬಿಟ್‌ಗಳ ಹೆಡರ್, ಅಂದರೆ ಪ್ಯಾಕೆಟ್ಟಿನ ತಲೆಬರಹ; ಇದರಲ್ಲಿ ನಿಜವಾದ ಮಾಹಿತಿ 18 ಬಿಟ್ ಮಾತ್ರ, ದೋಷ ತಡೆಯಲು ಪ್ರತಿ ಬಿಟ್ ಮೂರು ಸಲ ಹೋಗುತ್ತದೆ. ಇಷ್ಟೂ ಜಿಎಫ್‌ಎಸ್‌ಕೆಯಲ್ಲಿ, ಅಂದರೆ ಆವರ್ತನ ಬದಲಿಸುತ್ತ, ಸೆಕೆಂಡಿಗೆ 10 ಲಕ್ಷ ಬಿಟ್ ವೇಗದಲ್ಲಿ. ಒಟ್ಟು 126 ಮೈಕ್ರೋಸೆಕೆಂಡ್. ಆಮೇಲೆ ಸುಮಾರು 5 ಮೈಕ್ರೋಸೆಕೆಂಡ್ ಬಿಡುವು. ಬಿಡುವು ಮುಗಿದ ಮೇಲೆ ಪೇಲೋಡ್ ಬರುವುದು ಡಿಪಿಎಸ್‌ಕೆಯಲ್ಲಿ, ಅಂದರೆ ತರಂಗದ ಫೇಸ್ (ಏರಿಳಿತದಲ್ಲಿ ಅದು ಇರುವ ಹಂತ) ಬದಲಿಸುತ್ತ, ಎರಡು ಅಥವಾ ಮೂರು ಪಟ್ಟು ವೇಗದಲ್ಲಿ. ಅಲೆಯ ಮೇಲೆ ಮಾಹಿತಿ ಹೊರಿಸುವ ರೀತಿಯೇ ಒಂದು ಪ್ಯಾಕೆಟ್ಟಿನ ನಡುವಿನಲ್ಲಿ ಬದಲಾಯಿತು. ಇದು ‘ಬೇರೆ ಬಗೆ’ಯೇ?

ಎಂಜಿನಿಯರನ್ನು ಕೇಳಿದರೆ, ಯಾವ ಲೆಕ್ಕದಲ್ಲಿ ಬೇರೆ ಎಂದು ತಿರುಗಿ ಕೇಳುತ್ತಾರೆ. ಅದೇ ಜಗಳ. ಒಂದರ ರಿಸೀವರ್ ಇನ್ನೊಂದನ್ನು ಬಿಡಿಸಲಾರದಷ್ಟು ಹೊಂದಿಕೆಯಿಲ್ಲದ ವಿಧಾನಗಳು ಮಾತ್ರ ಬೇರೆ ಬಗೆಯವು ಎಂದು ಸ್ಯಾಮ್‌ಸಂಗ್ ವಾದಿಸಿತು. ಈ ವಾದ ಗಾಳಿಯಲ್ಲಿ ಹುಟ್ಟಿದ್ದಲ್ಲ. ಸ್ಪೆಸಿಫಿಕೇಶನ್, ಅಂದರೆ ಪೇಟೆಂಟಿನಲ್ಲಿನ ಆವಿಷ್ಕಾರದ ವಿವರಣೆಯ ತುಂಬ ಹೊಂದಿಕೆಯಾಗದ ಮೋಡೆಮ್‌ಗಳ ಮಾತೇ ಇತ್ತು. ರೆಂಬ್ರಾಂಟ್ ಹೇಳಿದ್ದು ಬೇರೆ ಕುಟುಂಬದ ವಿಧಾನಗಳು ಎಂದು, ಆವರ್ತನ ಬದಲಿಸುವ ಎಫ್‌ಎಸ್‌ಕೆ ಒಂದು ಕುಟುಂಬವಾದರೆ ಅಲೆಯ ಎತ್ತರವನ್ನೂ ಫೇಸನ್ನೂ ಬದಲಿಸುವ ಕ್ಯುಎಎಂ ಇನ್ನೊಂದು ಎಂಬ ಹಾಗೆ. ಜಿಲ್ಲಾ ನ್ಯಾಯಾಲಯ ರೆಂಬ್ರಾಂಟ್ ಕಡೆ ವಾಲಿತು. 2015ರಲ್ಲಿ ಜ್ಯೂರಿ 1 ಕೋಟಿ 57 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2017ರ ಏಪ್ರಿಲ್ 17ರಂದು ಅದೇ ಅರ್ಥವನ್ನು ಎತ್ತಿಹಿಡಿಯಿತು. ಯಾವ ಆಧಾರದ ಮೇಲೆ? ಅರ್ಜಿದಾರರು ಪೇಟೆಂಟ್ ಕಚೇರಿಯ ಪರೀಕ್ಷಕರಿಗೆ ಬರೆದುಕೊಟ್ಟಿದ್ದ ಒಂದು ವಾಕ್ಯದ ಮೇಲೆ. ಪೇಟೆಂಟ್ ಕೊಡುತ್ತೇವೆ ಎಂದು ಪರೀಕ್ಷಕರು ಆಗಲೇ ತಿಳಿಸಿಯಾಗಿತ್ತು. ಅದಾದ ಮೇಲೆ ಅರ್ಜಿದಾರರು ತಾವಾಗಿ ‘ಬೇರೆ ಬಗೆ’ಯ ಷರತ್ತನ್ನು ಕ್ಲೇಮಿಗೆ ಸೇರಿಸಿದರು. ಜೊತೆಯ ಟಿಪ್ಪಣಿಯಲ್ಲಿ, ಎರಡು ಬಗೆ ಎಂದರೆ ಬೇರೆ ಬೇರೆ ಕುಟುಂಬದ ಮಾಡ್ಯುಲೇಶನ್ ತಂತ್ರಗಳು, ಉದಾಹರಣೆಗೆ ಎಫ್‌ಎಸ್‌ಕೆ ಕುಟುಂಬ ಮತ್ತು ಕ್ಯುಎಎಂ ಕುಟುಂಬ, ಎಂಬ ಅರ್ಥದ ಮಾತು ಬರೆದರು. ಆ ಪದಗಳ ಅರ್ಥದ ಬಗ್ಗೆ ಇಡೀ ದಾಖಲೆಯಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ ಎಂಬುದು ನ್ಯಾಯಾಲಯದ ನಿಲುವು. ಉಳಿದೆಲ್ಲ ವಾದ ಒಂದು ತೂಕ, ಕಡತದ ಆ ಒಂದು ವಾಕ್ಯ ಇನ್ನೊಂದು ತೂಕ.

ಅರ್ಥ ಒಮ್ಮೆ ನಿಂತಿತೆಂದರೆ ಅದು ಇಬ್ಬರಿಗೂ ನಿಲ್ಲುತ್ತದೆ. ಬೋಯರ್ ಎಂಬ ಹಳೆಯ ಪೇಟೆಂಟ್ ಇಟ್ಟುಕೊಂಡು, ಇದರಲ್ಲಿ ಹೊಸತೇನಿದೆ ಎಂದೂ ಸ್ಯಾಮ್‌ಸಂಗ್ ಕೇಳಿತ್ತು. ಬೋಯರ್ ಹೇಳುವ ವೈರ್‌ಲೆಸ್ ಲ್ಯಾನ್‌ನಲ್ಲೂ ಹೆಡರ್ ಒಂದು ಮಾಡ್ಯುಲೇಶನ್‌ನಲ್ಲಿ, ವೇಗದ ದತ್ತಾಂಶ ಇನ್ನೊಂದರಲ್ಲಿ. ಆದರೆ ಆ ವಿಧಾನಗಳು ಫೇಸ್ ಬದಲಿಸುವ ಒಂದೇ ಕುಟುಂಬದವು ಎಂಬ ಸಾಕ್ಷ್ಯವನ್ನು ಜ್ಯೂರಿ ಒಪ್ಪಬಹುದಾಗಿತ್ತು. ಮೇಲ್ಮನವಿಯಲ್ಲಿ ಅದೂ ಉಳಿಯಿತು. ಬ್ಲೂಟೂತನ್ನು ಕ್ಲೇಮಿನೊಳಗೆ ತಂದ ಅರ್ಥವೇ ಬೋಯರನ್ನು ಹೊರಗಿಟ್ಟಿತು. ದಾವೆ ಹೂಡುವ ಮೊದಲು ಈ ಎರಡು ಪರೀಕ್ಷೆಗಳನ್ನು ಒಟ್ಟಿಗೆ ಮಾಡದವರು ಬಹಳ. ಉಲ್ಲಂಘನೆಗೆ ಒಂದು ಚಾರ್ಟ್, ಸಿಂಧುತ್ವಕ್ಕೆ ಇನ್ನೊಂದು ಚಾರ್ಟ್, ಎರಡರಲ್ಲೂ ಒಂದೇ ಪದಕ್ಕೆ ಎರಡು ಅರ್ಥ; ಎದುರಾಳಿಯ ವಕೀಲರು ಎರಡನ್ನೂ ಪಕ್ಕಪಕ್ಕ ಇಟ್ಟ ದಿನ ಪ್ರಕರಣ ಬಿದ್ದುಹೋಗುತ್ತದೆ.

(ಪರಿಹಾರದ ಮೊತ್ತ ಮಾತ್ರ ಹಾಗೇ ಉಳಿಯಲಿಲ್ಲ. ಲೈಸೆನ್ಸ್ ಪಡೆದವರ ಸರಕಿನ ಮೇಲೆ ಪೇಟೆಂಟ್ ಸಂಖ್ಯೆ ಇರಲಿಲ್ಲ, ಹಾಗಿದ್ದಾಗ ಹಿಂದಿನ ಮಾರಾಟಕ್ಕೆ ಪರಿಹಾರ ಸಿಗುವುದು ಅನುಮಾನ. ಒಂದು ಕ್ಲೇಮನ್ನು ಬಿಟ್ಟುಕೊಟ್ಟು ಆ ಹಳೆಯ ಲೋಪವನ್ನು ಅಳಿಸಲಾಗದು ಎಂದು ನ್ಯಾಯಾಲಯ ಆ ಭಾಗವನ್ನು ವಾಪಸ್ ಕಳಿಸಿತು. ನಮ್ಮ ಕಲಂ 111 ಕೂಡ ಬರೀ ‘ಪೇಟೆಂಟ್’ ಎಂಬ ಪದ ಸಾಲದು, ಸಂಖ್ಯೆಯೂ ಇರಬೇಕು ಎನ್ನುತ್ತದೆ. ಬೆಂಗಳೂರಿನ ಹಾರ್ಡ್‌ವೇರ್ ಸ್ಟಾರ್ಟ್‌ಅಪ್‌ಗಳು ಇದನ್ನು ಮೊದಲ ಬ್ಯಾಚಿನಿಂದಲೇ ಪಾಲಿಸಿದರೆ ಒಳ್ಳೆಯದು.)

ಮೇಲ್ಮನವಿಯಲ್ಲಿ ಕಡತಕ್ಕೆ ಇಷ್ಟು ತೂಕ ಬರಲು ಇನ್ನೊಂದು ಕಾರಣವಿದೆ. ಕ್ಲೇಮಿನ ಅರ್ಥ ಹೇಳುವುದು ಜ್ಯೂರಿಯ ಕೆಲಸವಲ್ಲ, ನ್ಯಾಯಾಧೀಶರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1996ರ ಮಾರ್ಕ್‌ಮನ್ ತೀರ್ಪಿನಲ್ಲಿ ಹೇಳಿತು. 2015ರ ಟೆವಾ ತೀರ್ಪು ಇನ್ನೊಂದು ಗೆರೆ ಎಳೆಯಿತು. ಕ್ಲೇಮು, ಸ್ಪೆಸಿಫಿಕೇಶನ್, ಪರೀಕ್ಷೆಯ ಕಡತ, ಇಷ್ಟನ್ನೇ ಓದಿ ಕೆಳಗಿನ ನ್ಯಾಯಾಲಯ ಅರ್ಥ ಹೇಳಿದ್ದರೆ ಮೇಲಿನ ನ್ಯಾಯಾಲಯ ಅದನ್ನು ಹೊಸದಾಗಿ ಪರಿಶೀಲಿಸುತ್ತದೆ. ತಜ್ಞರ ಸಾಕ್ಷ್ಯ ಕೇಳಿ ಯಾವುದಾದರೂ ಸಂಗತಿಯನ್ನು ನಿರ್ಣಯಿಸಿದ್ದರೆ, ಎದ್ದು ಕಾಣುವ ತಪ್ಪಿಲ್ಲದ ಹೊರತು ಅದನ್ನು ಮುಟ್ಟುವುದಿಲ್ಲ. ಹೀಗಾಗಿ ಮೇಲ್ಮನವಿಯಲ್ಲಿ ನಿಜವಾಗಿ ಅಲುಗಾಡುವ ಭಾಗ ಕಡತವೇ. ಅರ್ಥ ಬದಲಾದರೆ ಅದರ ಮೇಲೆ ಕಟ್ಟಿದ ತೀರ್ಪು, ಪರಿಹಾರ ಎಲ್ಲ ಕಳಚಿ ಮತ್ತೆ ವಿಚಾರಣೆ.

ಈಗ ನಮ್ಮಲ್ಲಿಗೆ ಬನ್ನಿ. ಮೊದಲು ವಿವರಣೆ ಓದಿ ಮನಸ್ಸನ್ನು ಸಿದ್ಧಮಾಡಿಕೊಂಡು ಆಮೇಲೆ ಕ್ಲೇಮು ಓದಬೇಕು ಎಂಬ ಹಳೆಯ ಇಂಗ್ಲಿಷ್ ಸೂತ್ರವನ್ನು ನಮ್ಮ ಸುಪ್ರೀಂ ಕೋರ್ಟ್ ಬಿಶ್ವನಾಥ್ ಪ್ರಸಾದ್ ಪ್ರಕರಣದಲ್ಲಿ 1978ರಲ್ಲೇ ಒಪ್ಪಿಕೊಂಡಿದೆ. ಅರ್ಜಿದಾರರು ಪೇಟೆಂಟ್ ಕಚೇರಿಯ ಮುಂದೆ ಆಡಿದ ಮಾತನ್ನು ನಮ್ಮ ಹೈಕೋರ್ಟ್‌ಗಳೂ ನೋಡುತ್ತವೆ. ದೂರಸಂಪರ್ಕದ ದಾವೆಗಳಂತೂ ದೊಡ್ಡದಾಗಿವೆ. 2023ರ ಮಾರ್ಚ್‌ನಲ್ಲಿ ಮೊಬೈಲ್ ಕಂಪನಿ ಇಂಟೆಕ್ಸ್‌ನ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಎರಡು ಹೆಜ್ಜೆಯ ಪರೀಕ್ಷೆಯನ್ನು ಒಪ್ಪಿತು: ಕ್ಲೇಮು ಸ್ಟ್ಯಾಂಡರ್ಡಿಗೆ ಹೊಂದುತ್ತದೆಯೇ, ಸಾಧನ ಸ್ಟ್ಯಾಂಡರ್ಡನ್ನು ಪಾಲಿಸುತ್ತದೆಯೇ. 2024ರ ಮಾರ್ಚ್‌ನಲ್ಲಿ ಎರಿಕ್ಸನ್ ಮತ್ತು ಲಾವಾ ನಡುವಿನ ದಾವೆಯಲ್ಲಿ ಅದೇ ಹೈಕೋರ್ಟ್ ಎಂಟು ಪೇಟೆಂಟ್‌ಗಳನ್ನು ತೂಗಿ, ಒಂದನ್ನು ಅಸಿಂಧುವೆಂದು ಬಿಟ್ಟು, 244 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಎರಡು ಹೆಜ್ಜೆಯ ಪರೀಕ್ಷೆಯಲ್ಲಿ ಕ್ಲೇಮಿನ ಅರ್ಥ ತುಸು ಹಿಗ್ಗಿದರೂ ಆ ಸ್ಟ್ಯಾಂಡರ್ಡಿನ ಪ್ರತಿಯೊಂದು ಫೋನೂ ಒಳಗೆ ಬರುತ್ತದೆ, ತುಸು ಕುಗ್ಗಿದರೆ ಎಲ್ಲವೂ ಹೊರಗೆ.

ಅಂಥ ಪದವೊಂದರ ಅರ್ಥ ಹುಡುಕಿ ನಿಮ್ಮ ಕಡತ ತೆರೆದರೆ ಏನು ಸಿಗುತ್ತದೆ? ಮೊದಲ ಪರೀಕ್ಷಾ ವರದಿ ಸಿಗುತ್ತದೆ. ದತ್ತಾಂಶ ರವಾನೆಯ ಅರ್ಜಿಯಾದರೆ ಅದರಲ್ಲಿ ಬಹುತೇಕ ಮೂರು ಆಕ್ಷೇಪ ಖಾಯಂ: ಹೊಸತನ ಅಥವಾ ಆವಿಷ್ಕಾರದ ಹೆಜ್ಜೆ ಇಲ್ಲ, ಕಲಂ 3(ಕೆ) ಪ್ರಕಾರ ಪೇಟೆಂಟ್ ಸಲ್ಲದ ಬರೀ ಅಲ್ಗಾರಿದಮ್ (ಲೆಕ್ಕದ ಕ್ರಮ), ಕಲಂ 10(5) ಪ್ರಕಾರ ಕ್ಲೇಮು ಸ್ಪಷ್ಟವಿಲ್ಲ. ಉತ್ತರ ಸಿಗುತ್ತದೆ. ಕಲಂ 14ರ ವಿಚಾರಣೆಯ ನೋಟಿಸ್ ಸಿಗುತ್ತದೆ. ವಿಡಿಯೊ ಮೂಲಕ ನಡೆದ ವಿಚಾರಣೆಯಲ್ಲಿ ಏನು ಮಾತಾಯಿತು ಎಂಬುದು ಸಿಗುವುದಿಲ್ಲ. ಹದಿನೈದು ದಿನದೊಳಗೆ ಕೊಡುವ ಲಿಖಿತ ಹೇಳಿಕೆ ಸಿಗುತ್ತದೆ, ತಿದ್ದಿದ ಕ್ಲೇಮುಗಳ ಜೊತೆ. ಅದರ ಮುಂದಿನ ಪುಟವೇ ಪ್ರಮಾಣಪತ್ರ. ಮೂರು ಆಕ್ಷೇಪಗಳಲ್ಲಿ ಯಾವುದು ತಿದ್ದುಪಡಿಯಿಂದ ಬಗೆಹರಿಯಿತು, ಯಾವುದು ವಾದದಿಂದ, ಯಾವುದನ್ನು ನಿಯಂತ್ರಕರೇ ಕೈಬಿಟ್ಟರು, ಗೊತ್ತಾಗುವುದಿಲ್ಲ.

ಇದರಿಂದ ಆಗುವ ಹಾನಿ ನಿಜವಾದದ್ದು. 3(ಕೆ) ಆಕ್ಷೇಪ ದಾಟಲು ನಮ್ಮಲ್ಲಿ ಎಲ್ಲರೂ ಮಾಡುವ ಒಂದು ಕೆಲಸವಿದೆ: ವಿಧಾನದ ಕ್ಲೇಮನ್ನು ವ್ಯವಸ್ಥೆಯ ಕ್ಲೇಮಾಗಿ ಬದಲಿಸಿ ಟ್ರಾನ್ಸೀವರ್, ಪ್ರೊಸೆಸರ್, ಮೆಮೊರಿ ಎಂದು ಭಾಗಗಳನ್ನು ಹೆಸರಿಸುವುದು. ಅವಸರದಲ್ಲಿ ಕೆಲವರು ಬೇಸ್ ಸ್ಟೇಶನ್ನನ್ನೂ (ಮೊಬೈಲ್ ಟವರಿನ ಸಾಧನ) ಫೋನನ್ನೂ ಒಂದೇ ಕ್ಲೇಮಿನಲ್ಲಿ ಕಟ್ಟಿಹಾಕುತ್ತಾರೆ. ಮಂಜೂರಾತಿ ಬರುತ್ತದೆ. ಆಮೇಲೆ ಫೋನ್ ಮಾರುವವನ ಮೇಲೆ ದಾವೆ ಹೂಡಿದಾಗ, ನಾನು ಬೇಸ್ ಸ್ಟೇಶನ್ ಮಾರುವುದಿಲ್ಲವಲ್ಲ ಎನ್ನುತ್ತಾನೆ. ಬೇಸ್ ಸ್ಟೇಶನ್ ಸೇರಿಸಿದ್ದು ಬರೀ 3(ಕೆ) ದಾಟಲೋ, ಹಳೆಯ ತಂತ್ರಜ್ಞಾನದಿಂದ ಬೇರ್ಪಡಿಸಲೋ ಎಂಬುದು ಆಗ ನಿರ್ಣಾಯಕವಾಗುತ್ತದೆ. ಹೇಳಬಲ್ಲ ಒಬ್ಬರೇ ಒಬ್ಬರು ನಿಮ್ಮ ನಿಯಂತ್ರಕರು, ಅವರು ಬರೆದಿಟ್ಟಿಲ್ಲ.

ಇನ್ನೊಂದು ಸೂಕ್ಷ್ಮ, ಹೆಡರ್‌ಗೆ ಸಂಬಂಧಿಸಿದ್ದು. ಹೆಡರಿನಲ್ಲಿರುವ ಮಾಹಿತಿ ಪೇಲೋಡಿನ ಮಾಡ್ಯುಲೇಶನ್ನನ್ನು ‘ಸೂಚಿಸುತ್ತದೆ’ ಎಂಬ ಪದ ನೂರಾರು ಕ್ಲೇಮುಗಳಲ್ಲಿದೆ. ಬ್ಲೂಟೂತ್ ಹೆಡರಿನ 18 ಬಿಟ್‌ಗಳಲ್ಲಿ 3 ಬಿಟ್ ವಿಳಾಸ, 4 ಬಿಟ್ ಪ್ಯಾಕೆಟ್‌ನ ಜಾತಿ, ಹರಿವು, ಸ್ವೀಕೃತಿ, ಸರದಿಗೆ ಒಂದೊಂದು, ಉಳಿದ 8 ದೋಷ ಪರೀಕ್ಷೆಗೆ. ಜಾತಿಯ ಆ 4 ಬಿಟ್‌ಗಳಲ್ಲಿ 0100 ಎಂದು ಬಂದರೆ ಮೂಲ ವೇಗದ ಡಿಎಚ್1 ಪ್ಯಾಕೆಟ್ಟೂ ಆಗಬಹುದು, ಎರಡು ಪಟ್ಟು ವೇಗದ 2-ಡಿಎಚ್1 ಕೂಡ ಆಗಬಹುದು. ಯಾವುದೆಂಬುದು ಎರಡೂ ಸಾಧನಗಳು ಸಂಪರ್ಕದ ಹೊತ್ತಿನಲ್ಲೇ ಒಪ್ಪಿಕೊಂಡ ಕೋಷ್ಟಕದ ಮೇಲೆ ನಿಂತಿದೆ. ಹಾಗಾದರೆ ಹೆಡರ್ ‘ಸೂಚಿಸಿತು’ ಎನ್ನಬಹುದೇ, ಅಥವಾ ಕೋಷ್ಟಕವೇ? ಇಂಥ ವಿನ್ಯಾಸ 4ಜಿ, 5ಜಿಯಲ್ಲೂ ಉದ್ದಕ್ಕೂ ಸಿಗುತ್ತದೆ. ಮುಂಚೆ ಕಳಿಸಿದ ಕೋಷ್ಟಕ, ಆಮೇಲೆ ಬರುವ ಚಿಕ್ಕ ಸಂಖ್ಯೆ. ಕ್ಲೇಮು ಬರೆಯುವವರು ‘ನೇರವಾಗಿ ಅಥವಾ ಮೊದಲೇ ಸ್ವೀಕರಿಸಿದ ಕೋಷ್ಟಕದ ಮೂಲಕ’ ಎಂದು ಸ್ಪೆಸಿಫಿಕೇಶನ್‌ನಲ್ಲಿ ಒಂದು ಸಾಲು ಸೇರಿಸಿದ್ದರೆ ಜಗಳವಿಲ್ಲ. ಸೇರಿಸಿಲ್ಲದಾಗ, ಪರೀಕ್ಷಕರು ಕೇಳಿದ್ದಕ್ಕೆ ಅರ್ಜಿದಾರರು ಏನು ಹೇಳಿದರು ಎಂಬುದೇ ಗತಿ.

ನ್ಯಾಯಾಲಯವೇ ತಜ್ಞರನ್ನು ಕೇಳಿಕೊಳ್ಳಲಿ ಎನ್ನಬಹುದು. ಕಲಂ 115 ಓದಿ ನೋಡಿ. ಅದರಡಿ ನೇಮಿಸುವ ವೈಜ್ಞಾನಿಕ ಸಲಹೆಗಾರರು ಸಂಗತಿಯ ಬಗ್ಗೆ, ಅಭಿಪ್ರಾಯದ ಬಗ್ಗೆ ವರದಿ ಕೊಡಬಹುದು. ಕಾನೂನಿನ ವ್ಯಾಖ್ಯಾನದ ಪ್ರಶ್ನೆಗೆ ಕೈಹಾಕುವಂತಿಲ್ಲ. ಮಾಡ್ಯುಲೇಶನ್ ಹೇಗೆ ಕೆಲಸ ಮಾಡುತ್ತದೆ ಎಂದು ಅವರು ಹೇಳಬಲ್ಲರು, ಕ್ಲೇಮಿನ ಪದ ಎಷ್ಟು ದೂರ ಹೋಗುತ್ತದೆ ಎಂದಲ್ಲ. ದೆಹಲಿ ಹೈಕೋರ್ಟಿನ 2022ರ ಪೇಟೆಂಟ್ ದಾವೆ ನಿಯಮಗಳು ಪಕ್ಷಗಾರರಿಂದ ಕ್ಲೇಮಿನ ಅರ್ಥದ ಲಿಖಿತ ವಾದವನ್ನೂ ತಾಂತ್ರಿಕ ಪರಿಚಯ ಪತ್ರವನ್ನೂ ಕೇಳುತ್ತವೆ. ಒಳ್ಳೆಯದೇ. ಆದರೆ ಅವೆಲ್ಲ ದಾವೆ ಹುಟ್ಟಿದ ಮೇಲೆ, ಗೆಲ್ಲಲೆಂದೇ ಬರೆದವು. ದಾವೆಯ ನೆರಳಿಲ್ಲದ ಕಾಲದಲ್ಲಿ ಬರೆದ ಮಾತು ಸಿಗುವುದು ನಿಮ್ಮ ಕಚೇರಿಯಲ್ಲಿ ಮಾತ್ರ.

ನಾವು ಕೇಳುವುದು ಇಷ್ಟು. ವಿಚಾರಣೆಯ ನಂತರ ಮಂಜೂರಾದ ಪ್ರತಿ ಅರ್ಜಿಗೆ ಅರ್ಧ ಪುಟದ ಟಿಪ್ಪಣಿ ಇರಲಿ: ಉಳಿದಿದ್ದ ಆಕ್ಷೇಪಗಳು, ಪ್ರತಿಯೊಂದಕ್ಕೂ ಎದುರಾಗಿ ಅದನ್ನು ನೀಗಿಸಿದ ತಿದ್ದುಪಡಿ ಅಥವಾ ವಾದ, ಅತ್ಯಂತ ಹತ್ತಿರದ ಹಳೆಯ ದಾಖಲೆಯಿಂದ ಕ್ಲೇಮನ್ನು ಬೇರ್ಪಡಿಸಿದ ಷರತ್ತು ಯಾವುದು ಎಂಬ ಒಂದು ವಾಕ್ಯ. ಅಮೆರಿಕದ ಪರೀಕ್ಷಕರಿಗೆ ಮಂಜೂರಾತಿಯ ಕಾರಣ ಬರೆಯುವ ಅವಕಾಶ ನಿಯಮದಲ್ಲೇ ಇದೆ. ಪರೀಕ್ಷಕರ ಜೊತೆ ಬಾಯಿಮಾತಿನಲ್ಲಿ ಮಂಡಿಸಿದ ವಾದವನ್ನು ಅರ್ಜಿದಾರರು ಬರೆದು ಕೊಡಬೇಕೆಂಬ ನಿಯಮವೂ ಅಲ್ಲಿದೆ. ಅದು ನಮ್ಮ ಎರಡನೆಯ ಬೇಡಿಕೆ. ಹದಿನೈದು ದಿನದ ಲಿಖಿತ ಹೇಳಿಕೆಯಲ್ಲಿ ವಿಚಾರಣೆಯಲ್ಲಿ ಆಡಿದ್ದೆಲ್ಲ ಬಂದಿದೆ ಎಂದು ಪೇಟೆಂಟ್ ಏಜೆಂಟರು ಸಹಿ ಹಾಕಿ ಹೇಳಬೇಕು.

ಮೂರನೆಯದು ಕಲಂ 59ಕ್ಕೆ ಸೇರಿದ್ದು. ತಿದ್ದುಪಡಿ ಮೂಲ ಸ್ಪೆಸಿಫಿಕೇಶನ್‌ನ ವ್ಯಾಪ್ತಿ ಮೀರಬಾರದು ಎಂಬುದನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಹೊಸದಾಗಿ ಸೇರಿದ ಪ್ರತಿ ಪದಕ್ಕೂ ಪುಟ ಮತ್ತು ಸಾಲಿನ ಸಂಖ್ಯೆ ಕೊಡುವವರು ಕಡಿಮೆ. ಕೊಡುವುದನ್ನು ಕಡ್ಡಾಯ ಮಾಡಿ. ಮೂಲದಲ್ಲಿ ಇಲ್ಲದ ಪದ ಬಂದರೆ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಕೇಳಿ ಪಡೆಯಿರಿ. ತಿದ್ದಿದ ಕ್ಲೇಮುಗಳು ಸ್ಕ್ಯಾನ್ ಮಾಡಿದ ಚಿತ್ರವಾಗಿ ಅಲ್ಲ, ಹುಡುಕಲು ಬರುವ ಪಠ್ಯವಾಗಿ ಸಾರ್ವಜನಿಕ ಕಡತಕ್ಕೆ ಬರಲಿ. ನಿಯಮಗಳ ಪ್ರಕಾರ ನೀವು ಇಟ್ಟುಕೊಳ್ಳುವ ವೈಜ್ಞಾನಿಕ ಸಲಹೆಗಾರರ ಪಟ್ಟಿಯಲ್ಲಿ ಭೌತಿಕ ಪದರದ, ಅಂದರೆ ಬಿಟ್‌ಗಳನ್ನು ಅಲೆಗಳಾಗಿಸಿ ಕಳಿಸುವ ಹಂತದ, ಮೇಲೆ ಕೈಯಾರೆ ಕೆಲಸ ಮಾಡಿದ ಸಂವಹನ ಎಂಜಿನಿಯರುಗಳೂ ಇರಲಿ.

ಪರೀಕ್ಷಕರಿಗೆ ಆಗಲೇ ಹೊರೆ ಹೆಚ್ಚಾಗಿದೆ ಎಂಬುದು ನಿಜ. ಆದರೆ ಮನಸ್ಸಿನಲ್ಲಿ ತೀರ್ಮಾನವಾಗದೆ ಮಂಜೂರಾತಿ ಆಗುವುದಿಲ್ಲ. ಆ ತೀರ್ಮಾನವನ್ನು ನಮೂನೆಯೊಂದರ ನಾಲ್ಕು ಖಾನೆಗಳಲ್ಲಿ ಇಳಿಸುವುದಷ್ಟೇ ಉಳಿದದ್ದು. ಹೆಚ್ಚು ವಿರೋಧ ಬರುವುದು ನಮ್ಮ ವೃತ್ತಿಯವರಿಂದಲೇ. ಕಡತದಲ್ಲಿ ಕಡಿಮೆ ಮಾತಿದ್ದಷ್ಟೂ ನಾಳೆ ಅರ್ಥ ಹಿಗ್ಗಿಸಲು ಜಾಗ ಹೆಚ್ಚು ಎಂಬ ಲೆಕ್ಕಾಚಾರ ಪೇಟೆಂಟ್ ಏಜೆಂಟರಲ್ಲಿ ಸಾಮಾನ್ಯ. ಮೌನದ ಲಾಭ ಎದುರಾಳಿಗೂ ಅಷ್ಟೇ ಸಿಗುತ್ತದೆ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ರೆಂಬ್ರಾಂಟ್ ಉಳಿದದ್ದು ಟಿಪ್ಪಣಿ ಬರೆದಿದ್ದರಿಂದ.

ಎಲ್ಲ ಶಾಖೆಗಳಲ್ಲೂ ಒಮ್ಮೆಗೇ ಬೇಡ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಬೆಂಗಳೂರಿನ ದೂರಸಂಪರ್ಕ, ಚಿಪ್ ವಿನ್ಯಾಸದ ಅರ್ಜಿಗಳು ಅಲ್ಲಿವೆ. ಆ ಕಚೇರಿಯ ಸಂವಹನ ವಿಭಾಗದಲ್ಲಿ ಒಂದು ವರ್ಷ ಈ ಅರ್ಧ ಪುಟದ ಟಿಪ್ಪಣಿಯನ್ನು ಪ್ರಯೋಗಕ್ಕೆ ಹಚ್ಚಿ. ನಮೂನೆಯ ಕರಡು ಬೇಕೆಂದರೆ ಮಾಡಿಕೊಡಲು ನಾವು ಸಿದ್ಧ.

ಇಂತಿ ತಮ್ಮ ವಿಶ್ವಾಸಿಗಳು,
ದತ್ತಾಂಶ ಸಂವಹನ ಕ್ಷೇತ್ರದ ಕ್ಲೇಮು ಬರಹಗಾರರು ಮತ್ತು ಎಂಜಿನಿಯರುಗಳು, ಬೆಂಗಳೂರು